108 ಕಿಲೋಮೀಟರ್ ಬಾಯಿಪಾಠ: ಎಲಿಷ್ಕಾ ಯುಂಕೋವಾಳ ದಾರಿಯಲ್ಲಿ ಎಂಟು ದಿನ

1928ರ ಮೇ 6. ಇಟಲಿಯ ಸಿಸಿಲಿ ದ್ವೀಪದ ಬೆಟ್ಟಗಳಲ್ಲಿ ಟಾರ್ಗಾ ಫ್ಲೋರಿಯೊ ಎಂಬ ಕಾರು ಓಟ. ನುವೊಲಾರಿ, ಶಿರೋನ್, ಕಂಪಾರಿ, ಡಿವೊ, ಎರ್ನೆಸ್ತೊ ಮಸೆರಾಟಿ, ಫಾಜಿಯೋಲಿ ಹೀಗೆ ಆ ಕಾಲದ ಹೆಸರಾಂತ ಚಾಲಕರೆಲ್ಲರೂ ಕಣದಲ್ಲಿದ್ದರು. ಎರಡನೇ ಸುತ್ತಿನಲ್ಲಿ ಇವರೆಲ್ಲರನ್ನೂ ಹಿಂದೆ ಹಾಕಿ ಮುನ್ನಡೆ ಹಿಡಿದವಳು ಸ್ವಂತ ದುಡ್ಡಿನಲ್ಲಿ ಓಡುತ್ತಿದ್ದ 27ರ ಒಬ್ಬ ಜೆಕ್ ಹೆಂಗಸು. ಆಕೆಯ ಹೆಸರು ಎಲಿಷ್ಕಾ ಯುಂಕೋವಾ. ಆ ಓಟ ಗೆಲ್ಲಲಿಲ್ಲ, ಅದಾದ ಹತ್ತೇ ವಾರಕ್ಕೆ ರೇಸಿಂಗೂ ಮುಗಿಯಿತು. ಆಮೇಲೆ ಬದುಕಿದ್ದು ಮಾತ್ರ ಇನ್ನೂ 65 ವರ್ಷ.

ಈ ಪ್ರವಾಸ ಆಕೆಯ ಬದುಕಿನ ಕ್ರಮದಲ್ಲೇ ಸಾಗುತ್ತದೆ: ಜೆಕ್ ದೇಶ, ಫ್ರಾನ್ಸ್, ಸಿಸಿಲಿ, ಜರ್ಮನಿ, ಮತ್ತೆ ಪ್ರಾಗ್. ಎಲ್ಲ ಕಡೆಗೂ ಒಂದೇ ಷೆಂಗೆನ್ ವೀಸಾ ಸಾಕು. ಕಾರು ಬಾಡಿಗೆಗೆ ಬೇಕೆಂದರೆ ನಮ್ಮ ಆರ್‌ಟಿಒ ಕೊಡುವ ಅಂತಾರಾಷ್ಟ್ರೀಯ ಚಾಲನಾ ಪರವಾನಗಿ ಮಾಡಿಸಿಕೊಂಡೇ ಹೊರಡಬೇಕು. ಅದಕ್ಕೆ ಫಾರ್ಮ್ 4ಎ, ಶುಲ್ಕ 1,000 ರೂಪಾಯಿ, ಅವಧಿ ಒಂದು ವರ್ಷ. ಊರಿನ ಲೈಸೆನ್ಸನ್ನು ಬಿಟ್ಟು ಬರಬೇಡಿ, ಎರಡೂ ಜೊತೆಗಿದ್ದರೇ ಬೆಲೆ. ತಿಂಗಳು ಮೇ ಆದರೆ ಒಳ್ಳೆಯದು. ಆಕೆ ಓಡಿದ ಬಿಸಿಲಲ್ಲೇ ನೀವೂ ಓಡುತ್ತೀರಿ. ಆದರೆ ಟಾರ್ಗಾ ಹೆಸರಿನ ರ್‍ಯಾಲಿ ಈಗಲೂ ವಸಂತದಲ್ಲಿ ಅದೇ ರಸ್ತೆಗಳಲ್ಲಿ ನಡೆಯುತ್ತದೆ. ಆ ವಾರ ರಸ್ತೆ ಮುಚ್ಚಿರುತ್ತಾರೆ, ರೂಮೂ ಸಿಗುವುದಿಲ್ಲ. ದಿನಾಂಕ ನೋಡಿಕೊಂಡೇ ವಿಮಾನದ ಟಿಕೆಟ್ ಮಾಡಿಸಿ.

ದಿನ 1: ಓಲೊಮೌಟ್ಸ್

ಪ್ರಾಗ್‌ನಿಂದ ರೈಲಿನಲ್ಲಿ ಸುಮಾರು ಎರಡೂಕಾಲು ಗಂಟೆ. ದುಡ್ಡು ಕೊರುನಾದಲ್ಲಿ ಇಟ್ಟುಕೊಳ್ಳಿ, ಇಲ್ಲಿ ಯೂರೊ ಅಧಿಕೃತ ನಾಣ್ಯವಲ್ಲ.

1900ರ ನವೆಂಬರ್ 16ರಂದು ಈ ಊರಲ್ಲಿ ಕಮ್ಮಾರನ ಮನೆಯಲ್ಲಿ ಹುಟ್ಟಿದ ಹುಡುಗಿಯ ಹೆಸರು ಅಲ್ಜ್‌ಬೆತಾ ಪೊಸ್ಪಿಶಿಲೊವಾ. ಎಂಟು ಮಕ್ಕಳಲ್ಲಿ ಆರನೆಯವಳು. ಹದಿನಾರಕ್ಕೇ ಬ್ಯಾಂಕಿನಲ್ಲಿ ಕೆಲಸಕ್ಕೆ ಸೇರಿದಳು. ಅಲ್ಲಿ ಪರಿಚಯವಾದವನು ಚೆನೆಕ್ ಯುನೆಕ್ ಎಂಬ ಯುವಕ. ಅವನಿಗೆ ಬ್ಯಾಂಕು ಹೊಟ್ಟೆಪಾಡು, ಕಾರು ಹುಚ್ಚು. ಈಕೆಗೆ ಮೊದಲಿನಿಂದ ಇದ್ದ ಹುಚ್ಚು ಕಾರಿನದಲ್ಲ, ದೇಶ ಸುತ್ತುವುದರದು. ಅವನ ಜೊತೆ ಬಾಳಬೇಕಾದರೆ ಎಂಜಿನ್ ಜೊತೆಗೂ ಬಾಳಬೇಕೆಂದು ಗೊತ್ತಾದ ಮೇಲೆ ಅವನಿಗೆ ಹೇಳದೆ ಡ್ರೈವಿಂಗ್ ಕಲಿತು ಲೈಸೆನ್ಸ್ ತೆಗೆದುಕೊಂಡಳು. 1922ರಲ್ಲಿ ಮದುವೆ. ಯುನೆಕ್‌ನ ಹೆಂಡತಿಯಾಗಿ ಎಲಿಷ್ಕಾ ಯುಂಕೋವಾ ಎನಿಸಿಕೊಂಡಳು.

ಊರಲ್ಲಿ ನೋಡಲೇಬೇಕಾದದ್ದು ಚೌಕದ ನಡುವಿನ 35 ಮೀಟರ್ ಎತ್ತರದ ಪವಿತ್ರ ತ್ರಿತ್ವ (ಹೋಲಿ ಟ್ರಿನಿಟಿ) ಸ್ತಂಭ. ಪಕ್ಕದ ಖಗೋಳ ಗಡಿಯಾರದಲ್ಲಿ ಸಂತರ ಜಾಗಕ್ಕೆ ಕಾರ್ಮಿಕರ ಚಿತ್ರಗಳಿವೆ. ಯುದ್ಧದಲ್ಲಿ ಹಾಳಾದ ಹಳೆಯದನ್ನು ಕಮ್ಯುನಿಸ್ಟ್ ಕಾಲದಲ್ಲಿ ಮರುಕಟ್ಟಿದ್ದು. ಹುಡುಗಿ ನೋಡಿದ್ದು ಈ ಗಡಿಯಾರವಲ್ಲ. ಸಂಜೆಯ ರೈಲಿಗೆ ಪ್ರಾಗ್‌ಗೆ ವಾಪಸ್.

ದಿನ 2: ಜ್‌ಬ್ರಸ್ಲಾವ್ ಏರು

ಪ್ರಾಗ್ ಮೆಟ್ರೊದ ಬಿ ಮಾರ್ಗದಲ್ಲಿ ಸ್ಮೀಖೊವ್ ರೈಲು ನಿಲ್ದಾಣಕ್ಕೆ ಹೋಗಿ, ಅಲ್ಲಿಂದ ದಕ್ಷಿಣಕ್ಕೆ ಬಸ್ಸು. ಜ್‌ಬ್ರಸ್ಲಾವ್ ಪ್ರಾಗ್ ನಗರದೊಳಗೇ ಇದೆ, ಮೇಲಿನ ಯಿಲೊವಿಶ್ಟೆ ಗಡಿಯಾಚೆ. ಟಿಕೆಟ್ಟಿನ ವಲಯ ನೋಡಿಕೊಳ್ಳದಿದ್ದರೆ ದಂಡ ಬೀಳುತ್ತದೆ.

ಈ ಎರಡು ಊರುಗಳ ನಡುವಿನ ಸುಮಾರು 5.6 ಕಿ.ಮೀ. ಏರಿನಲ್ಲಿ 1908ರಿಂದ 1931ರವರೆಗೆ ಬೆಟ್ಟ ಹತ್ತುವ ಓಟ ನಡೆಯುತ್ತಿತ್ತು. ಒಂದೊಂದೇ ಕಾರು ಬಿಡುವುದು, ಗಡಿಯಾರ ನೋಡಿ ತೀರ್ಮಾನ. ಚೆನೆಕ್ ಹೆಸರು ಮಾಡಿದ್ದು ಇಂಥ ಏರುಗಳಲ್ಲೇ. ಮೊದಲ ಮಹಾಯುದ್ಧದಲ್ಲಿ ಅವನ ಕೈಗೆ ಪೆಟ್ಟಾಗಿತ್ತು, ಗೇರ್ ಬದಲಿಸುವುದು ಕಷ್ಟವಾಗುತ್ತಿತ್ತು. ಆ ಕಾಲದ ಗೇರ್‌ಬಾಕ್ಸಿನಲ್ಲಿ ಅದು ಸಣ್ಣ ತೊಂದರೆಯಲ್ಲ. ಗೇರುಗಳ ವೇಗವನ್ನು ತಾನೇ ಹೊಂದಿಸುವ ಸಿಂಕ್ರೊಮೆಷ್ ಇಲ್ಲ. ಕೆಳಗಿನ ಗೇರಿಗೆ ಬರಬೇಕಾದರೆ ಕ್ಲಚ್ ಒತ್ತಿ ನ್ಯೂಟ್ರಲ್ಲಿಗೆ ತಂದು, ಕ್ಲಚ್ ಬಿಟ್ಟು ಆಕ್ಸಿಲರೇಟರ್ ತುಳಿದು ಎಂಜಿನ್ ವೇಗ ಏರಿಸಿ, ಮತ್ತೆ ಕ್ಲಚ್ ಒತ್ತಿ ಲಿವರ್ ತಳ್ಳಬೇಕು. ಒಂದು ಕ್ಷಣ ತಡವಾದರೂ ಹಲ್ಲು ಕರಕರ ಎನ್ನುತ್ತದೆ, ಗೇರ್ ಬೀಳುವುದಿಲ್ಲ. ಏರಿನಲ್ಲಿ ಅಷ್ಟರಲ್ಲಿ ಕಾರು ನಿಂತೇಬಿಡುತ್ತದೆ. ಹೀಗೆ ಪಕ್ಕದ ಸೀಟಿನಲ್ಲಿ ಕೂರುತ್ತಿದ್ದ ಎಲಿಷ್ಕಾ ಸ್ಟೀರಿಂಗ್ ಹಿಂದಕ್ಕೆ ಬಂದಳು. 1924ರಲ್ಲಿ ಪ್ಲ್‌ಜೆನ್ ಹತ್ತಿರದ ಲೊಖೊತಿನ್–ತ್ರೆಮೊಶ್ನಾ ಏರಿನಲ್ಲಿ ತನ್ನ ವರ್ಗ ಗೆದ್ದಾಗ ದೇಶಕ್ಕೆಲ್ಲ ಪರಿಚಯ. 1926ರಲ್ಲಿ ಸ್ವಿಟ್ಜರ್ಲೆಂಡಿನ ಕ್ಲೌಸೆನ್ ಕಣಿವೆದಾರಿಯಲ್ಲಿ ಎರಡನೇ ಸ್ಥಾನ.

ಪೂರ್ತಿ ಏರು ನಡೆಯುವ ಆಸೆ ಬೇಡ, ವಾಹನ ಓಡಾಡುವ ರಸ್ತೆ ಅದು. ಬಸ್ಸಿನ ಬಲಗಡೆ ಕಿಟಕಿ ಹಿಡಿದು ಕೂತರೆ ಸಾಕು.

ದಿನ 3: ಮುಲೂಸ್‌ನಲ್ಲಿ ಕಾರನ್ನು ನೋಡುವುದು

ಈ ದಿನವನ್ನು ಉಳಿಸಲು ಹೋಗಿ ನೇರ ಸಿಸಿಲಿಗೆ ಹಾರಿದರೆ ಅಲ್ಲಿಯ ರಸ್ತೆ ಬರೀ ಚೆಂದದ ರಸ್ತೆಯಾಗಿ ಕಾಣುತ್ತದೆ. ಫ್ರಾನ್ಸಿನ ಮುಲೂಸ್‌ನ ಮೋಟಾರು ಸಂಗ್ರಹಾಲಯದಲ್ಲಿ, ಎಲಿಷ್ಕಾ ಓಡಿಸಿದ ಬುಗಾಟಿ ಕಂಪನಿಯ ನೂರಕ್ಕೂ ಹೆಚ್ಚು ಕಾರುಗಳಿವೆ. ಜಗತ್ತಿನಲ್ಲಿ ಇಷ್ಟು ಒಂದೇ ಸೂರಿನಡಿ ಬೇರೆಲ್ಲೂ ಇಲ್ಲ. ಬಾಸೆಲ್ ವಿಮಾನ ನಿಲ್ದಾಣ ಹತ್ತಿರ. ಆದರೆ ಅಲ್ಲಿ ಹೊರಬರುವ ದಾರಿ ಎರಡು, ಒಂದು ಫ್ರಾನ್ಸಿಗೆ, ಒಂದು ಸ್ವಿಟ್ಜರ್ಲೆಂಡಿಗೆ. ಫ್ರಾನ್ಸ್ ಕಡೆಯದನ್ನೇ ಹಿಡಿಯಿರಿ.

ನೂರು ಕಾರು ನೋಡಿದರೆ ಒಂದೂ ನೋಡಿದಂತಾಗುವುದಿಲ್ಲ. ಟೈಪ್ 35 ಎಂಬ ರೇಸಿಂಗ್ ಮಾದರಿಯ ಸಾಲಿನ ಮುಂದೆ ಒಂದು ಗಂಟೆ ನಿಲ್ಲಿ. ಎಲಿಷ್ಕಾ 1928ರಲ್ಲಿ ಓಡಿಸಿದ್ದು 35ಬಿ: ಸಾಲಾಗಿ ಎಂಟು ಸಿಲಿಂಡರ್, 60 ಮಿ.ಮೀ. ಬೋರ್ (ಸಿಲಿಂಡರಿನ ಅಗಲ), 100 ಮಿ.ಮೀ. ಸ್ಟ್ರೋಕ್ (ಪಿಸ್ಟನ್ ಓಡುವ ದೂರ), 2,262 ಸಿಸಿ, ಜೊತೆಗೆ ಎಂಜಿನ್ನಿಗೆ ಹೆಚ್ಚು ಗಾಳಿ ತುರುಕುವ ರೂಟ್ಸ್ ಸೂಪರ್‌ಚಾರ್ಜರ್. ಬಾನೆಟ್ಟಿನ ಬಲ ಪಕ್ಕದಲ್ಲಿ ದುಂಡನೆಯ ತೂತು ಕಂಡರೆ ಅದು ಸೂಪರ್‌ಚಾರ್ಜರ್ ಇರುವ ಮಾದರಿ. ಹೆಚ್ಚಿದ ಒತ್ತಡ ಹೊರಹೋಗಲು ಬಿಟ್ಟ ದಾರಿ. ತೂಕ ಸುಮಾರು 750 ಕೆಜಿ. ಗೇರ್ ಲಿವರ್ ಬಾಡಿಯ ಹೊರಗೆ, ಬಲಗಡೆ.

ಈಗ ಚಕ್ರ. ಎಂಟು ಚಪ್ಪಟೆ ಕಡ್ಡಿಗಳ ಅಲ್ಯೂಮಿನಿಯಂ ಚಕ್ರ, ಅದರ ಬೆನ್ನಿಗೇ ಬ್ರೇಕ್ ಡ್ರಮ್ ಎರಕ ಹೊಯ್ದಿರುತ್ತದೆ. ಇದರ ಜಾಣತನ ಎರಡು. ಡ್ರಮ್ಮಿನ ಬಿಸಿ ಇಡೀ ಚಕ್ರಕ್ಕೆ ಹರಡಿ ಗಾಳಿಗೆ ಹೋಗುತ್ತದೆ. ಪಂಕ್ಚರ್ ಆಗಿ ಚಕ್ರ ಬಿಚ್ಚಿದರೆ ಡ್ರಮ್ಮೂ ಕೈಗೆ ಬರುತ್ತದೆ, ಬ್ರೇಕ್ ಶೂ ಎಷ್ಟು ಸವೆದಿದೆಯೆಂದು ಕಣ್ಣಿಗೇ ಕಾಣುತ್ತದೆ. ಆದರೆ ಬ್ರೇಕ್ ಎಳೆಯುವುದು ಕೇಬಲ್. ಕೇಬಲ್ ಹಿಗ್ಗುತ್ತದೆ, ನಾಲ್ಕೂ ಚಕ್ರಕ್ಕೆ ಸಮನಾಗಿ ಎಳೆಯದಿದ್ದರೆ ಕಾರು ಒಂದು ಪಕ್ಕಕ್ಕೆ ಜಗ್ಗುತ್ತದೆ.

ಎಂಜಿನ್ನಿನ ಗುಟ್ಟು ಹೊರಗಿನಿಂದ ಕಾಣದು. ನಾಲ್ಕು ನಾಲ್ಕು ಸಿಲಿಂಡರಿನ ಎರಡು ಬೀಡುಕಬ್ಬಿಣದ ಬ್ಲಾಕು, ಹೆಡ್ (ಸಿಲಿಂಡರಿನ ಮೇಲ್ಮುಚ್ಚಳ) ಅದಕ್ಕೇ ಸೇರಿಕೊಂಡದ್ದು, ಬಿಚ್ಚಲು ಬರುವುದಿಲ್ಲ. ಹಾಗಾಗಿ ಹೆಡ್ಡಿಗೂ ಬ್ಲಾಕಿಗೂ ನಡುವೆ ಇಡುವ ಗ್ಯಾಸ್ಕೆಟ್ ಸುಡುವ ಭಯವೇ ಇಲ್ಲ. ಬದಲಿಗೆ, ವಾಲ್ವ್ ಕೆಲಸಕ್ಕೂ ಬ್ಲಾಕನ್ನೇ ಎತ್ತಬೇಕು, ನೀರು ಕಡಿಮೆಯಾಗಿ ಕಾದರೆ ಬ್ಲಾಕೇ ಬಿರುಕು ಬಿಡುವ ಅಪಾಯ. ನೀರನ್ನು ತಳ್ಳುವುದು ಎಂಜಿನ್ನಿನಿಂದಲೇ ತಿರುಗುವ ಒಂದು ಪಂಪು. ಆ ಕಾಲದ ಪಂಪುಗಳಲ್ಲಿ ಷಾಫ್ಟಿನ ಸುತ್ತ ಗ್ರ್ಯಾಫೈಟ್ ಸವರಿದ ಹುರಿಯನ್ನು ಸುತ್ತಿ ನಟ್ಟಿನಿಂದ ಬಿಗಿಯುತ್ತಿದ್ದರು. ಸಡಿಲ ಬಿಟ್ಟರೆ ನೀರು ತೊಟ್ಟಿಕ್ಕುತ್ತದೆ, ಅತಿಯಾಗಿ ಬಿಗಿದರೆ ಹುರಿ ಒಣಗಿ ಷಾಫ್ಟನ್ನೇ ಉಜ್ಜುತ್ತದೆ, ಮತ್ತೆ ಸೋರುತ್ತದೆ. ಏಳೆಂಟು ಗಂಟೆಯ ಓಟದಲ್ಲಿ ಈ ನಟ್ಟನ್ನು ನಂಬುವಂತಿಲ್ಲ. ಪಂಪು ಎಂಬ ಮಾತು ನೆನಪಿಟ್ಟುಕೊಳ್ಳಿ, ಆರನೇ ದಿನಕ್ಕೆ ಬೇಕಾಗುತ್ತದೆ.

ದಿನ 4: ಪಲೆರ್ಮೊದಿಂದ ಫ್ಲೋರಿಯೊಪೊಲಿ, ಕಾಲ್ನಡಿಗೆ

ವಿಮಾನ ನಿಲ್ದಾಣದಲ್ಲೇ ಕಾರು ತೆಗೆದುಕೊಳ್ಳಿ. ಸಿಕ್ಕ ಪೈಕಿ ಸಣ್ಣದು ಸಾಕು. ಪಲೆರ್ಮೊ ನಗರದೊಳಗೆ ನುಗ್ಗಬೇಡಿ: ಹಳೆಯ ಊರಿನ ಭಾಗಕ್ಕೆ ಪರವಾನಗಿಯಿಲ್ಲದ ಕಾರು ಹೋದರೆ ಕ್ಯಾಮೆರಾ ಹಿಡಿಯುತ್ತದೆ, ದಂಡದ ಕಾಗದ ತಿಂಗಳುಗಳ ನಂತರ ಊರಿಗೆ ಬರುತ್ತದೆ. ಹೆದ್ದಾರಿ ಹಿಡಿದು ಪೂರ್ವಕ್ಕೆ, ಬುವೊನ್ಫೊರ್ನೆಲ್ಲೊದಲ್ಲಿ ಇಳಿಯಿರಿ. ರೈಲಿನಲ್ಲಿ ಬರುವವರು ‘ಚೆರ್ದಾ’ ನಿಲ್ದಾಣದಲ್ಲಿ ಇಳಿದು ಮೋಸ ಹೋಗುವುದುಂಟು. ನಿಲ್ದಾಣ ಸಮುದ್ರದ ಹತ್ತಿರ, ಊರು ಹಲವು ಕಿಲೋಮೀಟರ್ ಮೇಲೆ.

ರಾಷ್ಟ್ರೀಯ ರಸ್ತೆ 120ರಲ್ಲಿ ಚೆರ್ದಾ ಕಡೆ ಏರುವಾಗ ರಸ್ತೆಯ ಅಕ್ಕಪಕ್ಕ ಪ್ರೇಕ್ಷಕರ ಅಟ್ಟ, ಎದುರಿಗೆ ಓಟದ ನಡುವೆ ಕಾರುಗಳಿಗೆ ಇಂಧನ ತುಂಬಿ ರಿಪೇರಿ ಮಾಡುತ್ತಿದ್ದ ಪಿಟ್‌ಗಳ ಸಾಲು. ಇದೇ ಫ್ಲೋರಿಯೊಪೊಲಿ, ಓಟದ ಆರಂಭ. 1906ರಲ್ಲಿ ವಿನ್ಚೆಂಜೊ ಫ್ಲೋರಿಯೊ ಶುರುಮಾಡಿದ ಓಟ 1977ರಲ್ಲಿ ನಿಂತಿತು. ಮೊದಲು ಸುತ್ತು 148 ಕಿ.ಮೀ. ಇತ್ತು, ಎಲಿಷ್ಕಾ ಕಾಲಕ್ಕೆ 108, ಕೊನೆಕೊನೆಗೆ 72.

108 ಕಿ.ಮೀ. ಒಂದು ಸುತ್ತು, ಅಂಥ ಐದು. ಒಂದು ಸುತ್ತಿಗೆ ಸುಮಾರು 1,400 ತಿರುವು. ಡಾಂಬರಿಲ್ಲ, ಜಲ್ಲಿ ಮತ್ತು ಧೂಳು. ಕಾರುಗಳನ್ನು ಒಂದೊಂದಾಗಿ ನಿಮಿಷಗಳ ಅಂತರದಲ್ಲಿ ಬಿಡುವುದರಿಂದ ರಸ್ತೆಯಲ್ಲಿ ನಿನ್ನ ಮುಂದೆ ಯಾರೂ ಕಾಣದಿದ್ದರೂ ನೀನು ಹಿಂದಿರಬಹುದು. ಹೋರಾಟ ರಸ್ತೆಯ ಜೊತೆಗೇ. ಮೈಕಟ್ಟಿನಲ್ಲಿ ಸಣ್ಣವಳಾದ ಎಲಿಷ್ಕಾಗೆ ತೋಳಿನ ಬಲದಲ್ಲಿ ಕಂಪಾರಿಯಂಥವರನ್ನು ಮೀರಿಸಲು ಆಗುವಂತಿರಲಿಲ್ಲ. ಮುಂದೆ ಬರುವ ತಿರುವು ಯಾವುದೆಂದು ಮೊದಲೇ ಗೊತ್ತಿದ್ದರೆ ಬ್ರೇಕನ್ನು ಕಡಿಮೆ ಒತ್ತಬಹುದು, ಸ್ಟೀರಿಂಗ್ ಒಮ್ಮೆ ಮಾತ್ರ ತಿರುಗಿಸಬಹುದು. ಓಟಕ್ಕೆ ಮುಂಚೆ ಹಾದಿಯನ್ನು ಕಾಲ್ನಡಿಗೆಯಲ್ಲಿ ನೋಡಿ, ಗುರುತು ಬರೆದುಕೊಂಡು, ಯಾವ ತಿರುವನ್ನು ಎಲ್ಲಿಂದ ಕತ್ತರಿಸಬೇಕೆಂದು ತೀರ್ಮಾನಿಸಿದ ಮೊದಲಿಗರಲ್ಲಿ ಈಕೆ ಒಬ್ಬಳು. ಇವತ್ತು ಎಲ್ಲ ಚಾಲಕರೂ ಟ್ರ್ಯಾಕ್ ನಡೆಯುತ್ತಾರೆ. ಆಗ ಅದು ಪುಕ್ಕಲುತನದಂತೆ ಕಂಡಿರಲಿಕ್ಕೂ ಸಾಕು.

ನೀವೂ ಮಾಡಿ ನೋಡಿ. ಪಿಟ್‌ಗಳ ಬಳಿ ಕಾರು ನಿಲ್ಲಿಸಿ, ಚೆರ್ದಾ ಕಡೆಗೆ ಮೂರು ಕಿಲೋಮೀಟರ್ ನಡೆಯಿರಿ. ಸಮಯ ಬೆಳಿಗ್ಗೆ ಎಂಟರೊಳಗೆ, ಎದುರು ಬರುವ ವಾಹನ ಕಾಣುವಂತೆ ಎಡಬದಿಯಲ್ಲಿ. ಪ್ರತಿ ತಿರುವಿಗೆ ಮೂರು ಸಂಗತಿ ಬರೆಯಿರಿ: ತಿರುವಿಗೆ ಮುಂಚೆ ಕಾಣುವ ಅಲುಗದ ವಸ್ತು, ತಿರುವು ಬಿಚ್ಚಿಕೊಳ್ಳುತ್ತದೋ ಮುಚ್ಚಿಕೊಳ್ಳುತ್ತದೋ, ಮುಂದಿನ ತಿರುವು ಯಾವ ಕಡೆಗೆ. ಅಲುಗದ ವಸ್ತು ಎಂದರೆ ಕಿಲೋಮೀಟರ್ ಕಲ್ಲು, ಮೋರಿಯ ಕಟ್ಟೆ, ಕಲ್ಲುಗೋಡೆಯ ಮೂಲೆ, ರಸ್ತೆ ಕಾವಲುಗಾರರಿಗಾಗಿ ಕಟ್ಟಿದ ಕಡುಗೆಂಪು ಬಣ್ಣದ ಮನೆ. ಮರ ನಂಬಬೇಡಿ, ಒಂದು ಆಲಿವ್ ಮರ ಇನ್ನೊಂದರ ಹಾಗೇ ಇರುತ್ತದೆ, ಹತ್ತನೆಯದನ್ನು ಒಂಬತ್ತನೆಯದೆಂದು ತಿಳಿದರೆ ಕಂದಕ. ಮುಚ್ಚಿಕೊಳ್ಳುವ ತಿರುವೇ ಇಲ್ಲಿ ಕೊಲ್ಲುವುದು: ಒಳಹೊಕ್ಕಾಗ ಸಲೀಸು, ಅರ್ಧಕ್ಕೆ ಬಂದ ಮೇಲೆ ಇನ್ನೂ ಬಿಗಿ. ಮೂರು ಕಿಲೋಮೀಟರ್ ಮುಗಿಸಿ ಪುಸ್ತಕ ಮುಚ್ಚಿ ಕ್ರಮವಾಗಿ ಹೇಳಲು ನೋಡಿ. ಆಮೇಲೆ ಅದನ್ನು 36ರಿಂದ ಗುಣಿಸಿ.

ದಿನ 5: ಏರು — ಚೆರ್ದಾ, ಕಾಲ್ತವುತೂರೊ, ಪೊಲಿಜ್ಜಿ

ಪೂರ್ತಿ ಸುತ್ತನ್ನು ಎಲ್ಲೂ ನಿಲ್ಲದೆ ಓಡಿಸಿದರೂ ಇವತ್ತಿನ ಕಾರಿಗೆ ಮೂರು ಗಂಟೆ ಬೇಕು. 1928ರ ವಿಜೇತ ಡಿವೊ ಐದು ಸುತ್ತಿಗೆ ತೆಗೆದುಕೊಂಡದ್ದು 7 ಗಂಟೆ 20 ನಿಮಿಷ 56 ಸೆಕೆಂಡ್, ಅಂದರೆ ಸುತ್ತಿಗೆ ಒಂದೂವರೆ ಗಂಟೆಗಿಂತ ಕಡಿಮೆ. ಈ ಲೆಕ್ಕ ಹಾಕಿಕೊಂಡು ಓಡಿಸಲು ಹೋಗಬೇಡಿ, ಕುರಿಮಂದೆ ಎದುರಾಗುತ್ತದೆ.

ಚೆರ್ದಾದಲ್ಲಿ ಪಲ್ಲೆಹೂವಿನ (ಆರ್ಟಿಚೋಕ್ ತರಕಾರಿಯ) ದೊಡ್ಡ ಪ್ರತಿಮೆಯಿದೆ, ಊರಿನ ಬೆಳೆ ಅದೇ. ಹುರಿದದ್ದು ತಿನ್ನಿ. ಪೆಟ್ರೋಲ್ ಇಲ್ಲೇ ತುಂಬಿಸಿ, ಮೇಲಿನ ಊರುಗಳಲ್ಲಿ ಮಧ್ಯಾಹ್ನ ಬಂಕ್ ಮುಚ್ಚಿರಬಹುದು. ಮುಂದೆ 120ರಲ್ಲೇ ಕಾಲ್ತವುತೂರೊ, ಅಲ್ಲಿಂದ ಪೂರ್ವಕ್ಕೆ ಸಾಗಿ ಪೊಲಿಜ್ಜಿ ಜೆನೆರೋಸಾಕ್ಕೆ ಎಡಕ್ಕೆ ತಿರುಗಬೇಕು. ಸಮುದ್ರಮಟ್ಟದ ಹತ್ತಿರ ಹೊರಟವರು ಪೊಲಿಜ್ಜಿಯಲ್ಲಿ 900 ಮೀಟರ್ ಆಸುಪಾಸು ತಲುಪುತ್ತೀರಿ. ಈ ಬೆಟ್ಟಗಳ ಜೇಡಿಮಣ್ಣು ಮಳೆಗೆ ಜಾರುತ್ತದೆ. 2015ರ ಏಪ್ರಿಲ್‌ನಲ್ಲಿ ಸ್ಕಿಲ್ಲಾತೊ ಹತ್ತಿರ ಹೆದ್ದಾರಿಯ ಮೇಲ್ಸೇತುವೆಯನ್ನೇ ಭೂಕುಸಿತ ಕದಲಿಸಿತು, ಹೊಸದು ಕಟ್ಟಿ ಬಿಟ್ಟದ್ದು 2020ರಲ್ಲಿ. ‘ಫ್ರಾನಾ’ ಎಂಬ ಫಲಕ ಕಂಡರೆ ಮಣ್ಣು ಕುಸಿದಿದೆ ಎಂದರ್ಥ, ‘ಸ್ತ್ರಾದಾ ಕ್ಯೂಸಾ’ ಎಂದರೆ ರಸ್ತೆ ಬಂದ್. ನಕ್ಷೆಯ ಆ್ಯಪ್ ತೆರೆದಿದೆ ಎಂದರೂ ಫಲಕವನ್ನೇ ನಂಬಿ.

1927ರಲ್ಲಿ ಎಲಿಷ್ಕಾ ಮೊದಲ ಸಲ ಇಲ್ಲಿ ಓಡಿದಳು. ಮೊದಲ ಸುತ್ತಿನಲ್ಲೇ ಮುಂಚೂಣಿಯವರ ಜೊತೆಗಿದ್ದಳು, ಎರಡನೆಯದರಲ್ಲಿ ಸ್ಟೀರಿಂಗ್ ಮುರಿಯಿತು. ಈ ಏರಿನ ಯಾವುದಾದರೊಂದು ಒಳತಿರುವಿನಲ್ಲಿ ಗಾಡಿ ನಿಲ್ಲಿಸಿ ರಸ್ತೆಯಂಚಿನ ಆಚೆ ಬಗ್ಗಿ ನೋಡಿ. ತಡೆಗೋಡೆ ಈಗಿನದು.

ರಾತ್ರಿ ಪೊಲಿಜ್ಜಿಯಲ್ಲಿ ಉಳಿಯುವುದು ವಾಸಿ. ಮೇನಲ್ಲೂ ಬೆಚ್ಚನೆಯ ಬಟ್ಟೆ ಬೇಕು.

ದಿನ 6: ಇಳಿಜಾರು ಮತ್ತು ನೇರ ರಸ್ತೆ

ಪೊಲಿಜ್ಜಿಯಿಂದ ರಸ್ತೆ 643 ಕೊಲ್ಲೆಸಾನೊ ಕಡೆಗೆ ಇಳಿಯುತ್ತದೆ. ಕೊಲ್ಲೆಸಾನೊದಲ್ಲಿ ಟಾರ್ಗಾ ಫ್ಲೋರಿಯೊದ ವಸ್ತುಸಂಗ್ರಹಾಲಯವಿದೆ. ಸಣ್ಣದು, ಆದರೆ ಹಳೆಯ ಫೋಟೊಗಳ ರಾಶಿ. ಮಧ್ಯಾಹ್ನದ ಬಿಡುವಿಗೆ ಮುಚ್ಚುವುದರಿಂದ ಬೆಳಿಗ್ಗೆಯೇ ತಲುಪಿ. ಫೋಟೊಗಳಲ್ಲಿ ಕಾರನ್ನಲ್ಲ, ರಸ್ತೆಯನ್ನು ನೋಡಿ: ಚಕ್ರದ ಗಾಡಿಗಳ ಜಾಡು, ಗುಂಡುಕಲ್ಲು.

ಇಲ್ಲಿಂದ ಕಂಪೊಫೆಲಿಚೆ, ಆಮೇಲೆ ಸಮುದ್ರದ ಪಕ್ಕ ಬುವೊನ್ಫೊರ್ನೆಲ್ಲೊದ ಆರೇಳು ಕಿಲೋಮೀಟರ್ ನೇರ ರಸ್ತೆ. 1,400 ತಿರುವು ಮುಗಿಸಿದವರಿಗೆ ಇದು ಉಸಿರಾಡುವ ಜಾಗ ಅನಿಸಬೇಕು. ಎಂಜಿನ್ನಿಗೆ ಹಾಗಲ್ಲ. ಬೆಟ್ಟದಲ್ಲಿ ಆಕ್ಸಿಲರೇಟರ್ ಒತ್ತುವುದು, ಬಿಡುವುದು. ಇಲ್ಲಿ ಒತ್ತಿದ ಕಾಲು ಎತ್ತುವಂತಿಲ್ಲ, ವೇಗ 200ರ ಹತ್ತಿರ.

1928ರ ಓಟವನ್ನು ಇಲ್ಲೇ ನಿಂತು ನೆನೆಯಬೇಕು. ಮೊದಲ ಸುತ್ತು ಮುಗಿದಾಗ ಎಲಿಷ್ಕಾ ನಾಲ್ಕನೆಯವಳು. ಎರಡನೆಯದರಲ್ಲಿ ಮೊದಲನೆಯವಳು. ಆಮೇಲೆ ಡಿವೊ, ಕಂಪಾರಿ ಮತ್ತು ಈಕೆಯ ನಡುವೆ ಗಂಟೆಗಟ್ಟಲೆ ಹಗ್ಗಜಗ್ಗಾಟ. ಕೊನೆಯ ಸುತ್ತಿನಲ್ಲಿ ನೀರಿನ ಪಂಪು ಕೈಕೊಟ್ಟಿತು.

ಪಂಪು ಕೈಕೊಟ್ಟರೆ ಏನಾಗುತ್ತದೆ? ಬಿಸಿನೀರು ತಾನಾಗೇ ಮೇಲೇರಿ ರೇಡಿಯೇಟರಿಗೆ ಒಂದಿಷ್ಟು ಹೋಗುತ್ತದೆ, ಸೂಪರ್‌ಚಾರ್ಜರ್ ಎಂಜಿನ್ನಿಗೆ ಅದು ಸಾಲದು. ಆಗಿನ ರೇಡಿಯೇಟರಿನಲ್ಲಿ ಒತ್ತಡದ ಮುಚ್ಚಳವಿಲ್ಲ, ಹಾಗಾಗಿ ಪೊಲಿಜ್ಜಿಯ ಎತ್ತರದಲ್ಲಿ ನೀರು ಸುಮಾರು 97 ಡಿಗ್ರಿಗೇ ಕುದಿಯುತ್ತದೆ. ಕುದ್ದ ನೀರು ಆವಿಯಾಗಿ ಹೋದಷ್ಟೂ ಉಳಿದದ್ದು ಬೇಗ ಕಾಯುತ್ತದೆ. ಇಳಿಜಾರಿನಲ್ಲಿ ಎಂಜಿನ್ನಿಗೆ ಕೊಂಚ ಬಿಡುವು. ಆದರೆ ಕೊನೆಗೆ ಕಾದಿರುವುದು ಈ ನೇರ ರಸ್ತೆ, ಆಮೇಲೆ ಮತ್ತೆ ಫ್ಲೋರಿಯೊಪೊಲಿಯ ಏರು. ಪೂರ್ತಿ ಒತ್ತಿದರೆ ಬ್ಲಾಕು ಹೋಗುತ್ತದೆ, ಓಟವೂ ಹೋಗುತ್ತದೆ. ಒತ್ತದಿದ್ದರೆ ಸ್ಥಾನ ಹೋಗುತ್ತದೆ. ಆಕೆ ಕಾರನ್ನು ಉಳಿಸಿಕೊಂಡು ಗುರಿ ಮುಟ್ಟಿದಳು: ಐದನೆಯ ಸ್ಥಾನ. ಮುಂದಿದ್ದವರು ಡಿವೊ, ಕಂಪಾರಿ, ಕೊನೆಲ್ಲಿ, ಶಿರೋನ್. ನುವೊಲಾರಿ, ಫಾಜಿಯೋಲಿ, ಮಸೆರಾಟಿ ಎಲ್ಲ ಹಿಂದೆ. ಗೆಲುವಿಗಿಂತ ಈ ಐದನೆಯ ಸ್ಥಾನವೇ ಆಕೆಯ ಅತಿ ದೊಡ್ಡ ಓಟ ಎನ್ನುವುದರಲ್ಲಿ ಅನುಮಾನವಿಲ್ಲ.

ಸಮಯವಿದ್ದರೆ ನೇರ ರಸ್ತೆಯ ಪಕ್ಕದ ಹಿಮೆರಾದ ಗ್ರೀಕ್ ದೇಗುಲದ ಅವಶೇಷ ನೋಡಿ.

ದಿನ 7: ನ್ಯೂರ್‌ಬರ್ಗ್‌ರಿಂಗ್

ಜರ್ಮನಿಯ ಈ ರೇಸಿಂಗ್ ಟ್ರ್ಯಾಕು 1927ರ ಜೂನ್‌ನಲ್ಲಿ ತೆರೆಯಿತು. ಮುಂದಿನ ತಿಂಗಳೇ ನಡೆದ ಜರ್ಮನ್ ಗ್ರಾಂಪ್ರಿಯಲ್ಲಿ ಎಲಿಷ್ಕಾ ಒಟ್ಟಾರೆ ನಾಲ್ಕನೆಯವಳು, ತನ್ನ ವರ್ಗದಲ್ಲಿ ಮೊದಲನೆಯವಳು. ಮುಂದಿದ್ದ ಮೂರೂ ಭಾರೀ ಎಂಜಿನ್ನಿನ ಮರ್ಸಿಡಿಸ್. ಗ್ರಾಂಪ್ರಿಯಲ್ಲಿ ವರ್ಗ ಗೆದ್ದ ಹೆಂಗಸು ಎಂಬ ಹೆಸರು ಬಂದದ್ದು ಇಲ್ಲಿ.

1928ರ ಜುಲೈ 15ರಂದು ಇದೇ ಓಟಕ್ಕೆ ಗಂಡ ಹೆಂಡತಿ ಒಂದೇ ಕಾರನ್ನು ಹಂಚಿಕೊಂಡಿದ್ದರು. ಸ್ಟೀರಿಂಗ್ ಚೆನೆಕ್ ಕೈಯಲ್ಲಿದ್ದಾಗ ಬ್ರೈಡ್‌ಷೈಡ್ ಬಳಿ ಕಾರು ರಸ್ತೆ ಬಿಟ್ಟಿತು. ತಲೆಗೆ ಪೆಟ್ಟಾಗಿ ಅವನು ತೀರಿಕೊಂಡ. ಎಲಿಷ್ಕಾ ಅಂದಿಗೇ ರೇಸಿಂಗ್ ಬಿಟ್ಟಳು, ಕಾರುಗಳನ್ನು ಮಾರಿದಳು.

ಬ್ರೈಡ್‌ಷೈಡ್ ಆಡೆನೌ ಊರಿಗೆ ತಾಗಿಕೊಂಡಿದೆ, ಟ್ರ್ಯಾಕಿನ ಉತ್ತರದ ಸುತ್ತಿನಲ್ಲಿ ಅತಿ ತಗ್ಗಿನ ಜಾಗ. ಇಳಿಜಾರಿನ ವೇಗವೆಲ್ಲ ಅಲ್ಲಿಗೆ ಬಂದು ಸೇರುತ್ತದೆ. ಬೇಲಿಯಾಚೆ ಸಾರ್ವಜನಿಕರು ನಿಂತು ನೋಡಬಹುದು. ಸಾರ್ವಜನಿಕರಿಗೆ ಟ್ರ್ಯಾಕ್ ತೆರೆಯುವ ದಿನ ದುಡ್ಡು ಕೊಟ್ಟು ಓಡಿಸಲೂಬಹುದು, ಆದರೆ ಸಾಮಾನ್ಯ ಬಾಡಿಗೆ ಕಾರಿನ ಕರಾರು ಅದನ್ನು ನಿಷೇಧಿಸಿರುತ್ತದೆ; ಅಪಘಾತವಾದರೆ ವಿಮೆ ಸಿಗದು, ತಡೆಬೇಲಿ ರಿಪೇರಿಯ ಖರ್ಚೂ ನಿಮ್ಮದೇ. ನಿಂತು ನೋಡಿ ಬನ್ನಿ.

ದಿನ 8: ಪ್ರಾಗ್

ಉಳಿದ 65 ವರ್ಷಕ್ಕೆ ನೋಡುವ ಜಾಗ ಕಡಿಮೆ. ಲೆತ್ನಾ ಗುಡ್ಡದ ರಾಷ್ಟ್ರೀಯ ತಾಂತ್ರಿಕ ಸಂಗ್ರಹಾಲಯಕ್ಕೆ ಹೋಗಿ, ಸೋಮವಾರ ಮಾತ್ರ ಬೇಡ. ಅಲ್ಲಿಯ ಸಾರಿಗೆ ವಿಭಾಗದಲ್ಲಿ ಆ ಯುಗದ ಕಾರುಗಳಿವೆ, ಮರ್ಸಿಡಿಸ್ ಡಬ್ಲ್ಯು 154 ಎಂಬ ರೇಸಿಂಗ್ ಕಾರು ಸಹ.

ಗಂಡ ಹೋದ ಮೇಲೆ ಎಲಿಷ್ಕಾ ಮರಳಿದ್ದು ತನ್ನ ಮೊದಲ ಹುಚ್ಚಿಗೆ: ತಿರುಗಾಟ. ಎಟ್ಟೋರೆ ಬುಗಾಟಿ ಹೊಸ ಟೂರಿಂಗ್ ಕಾರೊಂದನ್ನು ಕೊಟ್ಟು, ಏಷ್ಯಾದಲ್ಲಿ ತನ್ನ ಕಾರುಗಳಿಗೆ ಮಾರುಕಟ್ಟೆ ಹುಡುಕುವ ಕೆಲಸವನ್ನೂ ಒಪ್ಪಿಸಿದ. ಆ ಕಾರಿನೊಂದಿಗೆ ಆಕೆ ಹೋದದ್ದು ನಮ್ಮ ಪಕ್ಕದ ಸಿಂಹಳಕ್ಕೆ. ಯುದ್ಧದ ನಂತರ ಲೇಖಕ ಲಾದಿಸ್ಲಾವ್ ಖಾಸ್‌ನನ್ನು ಮದುವೆಯಾದಳು. 1948ರಲ್ಲಿ ಕಮ್ಯುನಿಸ್ಟರು ಅಧಿಕಾರ ಹಿಡಿದರು. ಬುಗಾಟಿ ಓಡಿಸಿದ ಹೆಂಗಸು ಅವರ ಕಣ್ಣಿಗೆ ಶ್ರೀಮಂತಿಕೆಯ ಪಳೆಯುಳಿಕೆ. ಹೊರದೇಶಕ್ಕೆ ಹೋಗಲು ಅನುಮತಿ ಕೊಡಲಿಲ್ಲ. ಸುತ್ತಾಟವೇ ಬದುಕಾಗಿದ್ದವಳು 1964ರವರೆಗೆ ಗಡಿ ದಾಟುವಂತಿರಲಿಲ್ಲ. ಅಷ್ಟರಲ್ಲಿ ಹೊರಜಗತ್ತು ಆಕೆಯನ್ನು ಬಹುಮಟ್ಟಿಗೆ ಮರೆತಿತ್ತು. ನೆನಪಿಟ್ಟುಕೊಂಡಿದ್ದವರು ಹಳೆಯ ಬುಗಾಟಿ ಇಟ್ಟುಕೊಂಡವರು.

ಕಬ್ಬಿಣದ ತೆರೆ (ಕಮ್ಯುನಿಸ್ಟ್ ಪೂರ್ವ ಯುರೋಪಿನ ಮುಚ್ಚಿದ ಗಡಿ) ಬಿದ್ದುಹೋದ ಮೇಲೆ, 91ನೇ ವಯಸ್ಸಿನಲ್ಲಿ, ಅಮೆರಿಕದಲ್ಲಿ ನಡೆದ ಬುಗಾಟಿ ಸಮ್ಮೇಳನಕ್ಕೆ ಮುಖ್ಯ ಅತಿಥಿಯಾಗಿ ಕರೆ ಬಂತು. ವೈದ್ಯರು ಬೇಡವೆಂದರು. ಹೋಗಿ ಬಂದಳು. 1994ರ ಜನವರಿ 5ರಂದು ತೀರಿಕೊಂಡಾಗ 93 ವರ್ಷ.